ಸೀಟು ಸಿಕ್ಕರೆ ಸಾಲದು, ಹಣದ ಕಾಗದವೂ ಬೇಕು

ಬ್ರದರ್, ಮಂಗಳೂರಿನ ಕಾಲೇಜಲ್ಲಿ ಓದಿದ ಬಿ.ಡಿ. (ಕ್ರೈಸ್ತ ದೇವಶಾಸ್ತ್ರದ ಪದವಿ) ಇಟ್ಟುಕೊಂಡು ಅಮೆರಿಕದಲ್ಲಿ ಟಿಎಚ್.ಎಂ.ಗೆ (ಅದರ ಮುಂದಿನ ಪದವಿಗೆ) ಹಾಕಬಹುದಾ, ಸೀಟು ಸಿಕ್ಕರೆ ವೀಸಾ ಸಲೀಸಾ ಅಂತ ಕೇಳಿದ್ದೀರಿ. ಹಾಕಬಹುದು. ನಿಮ್ಮ ಕಾಲೇಜಿಗೆ ಪದವಿ ಕೊಡುವ ಸೆರಾಂಪುರ ಸೆನೆಟ್ಟಿನ ಬಿ.ಡಿ.ಯನ್ನು ಎಂ.ಡಿವ್.ಗೆ (ಟಿಎಚ್.ಎಂ.ಗೆ ಮುಂಚೆ ಅಲ್ಲಿ ಕೇಳುವ ಪದವಿ) ಸಮ ಎಂದು ಒಪ್ಪುವ ಸೆಮಿನರಿಗಳು (ದೇವಶಾಸ್ತ್ರದ ಕಾಲೇಜುಗಳು) ಇವೆ. ಪದವಿ ಕೊಡುವುದು ಕಾಲೇಜಲ್ಲ, ಆ ಸೆನೆಟ್ ಅಲ್ವಾ, ಅಲ್ಲಿಂದ ಬರಬೇಕಾದ ಟ್ರಾನ್ಸ್‌ಕ್ರಿಪ್ಟ್‌ಗೆ ಈಗಲೇ ಓಡಾಡಿ.

ನಿಜವಾದ ತಲೆನೋವು ಹಣದ್ದು. ಸೀಟು ಸಿಕ್ಕ ಮಾತ್ರಕ್ಕೆ ಐ-20 (ವಿದ್ಯಾರ್ಥಿ ವೀಸಾಕ್ಕೆ ಬೇಕಾದ, ಸೆಮಿನರಿ ಕೊಡುವ ಕಾಗದ) ಬರುವುದಿಲ್ಲ. ಮೊದಲ ವರ್ಷದ ಫೀಸು, ಊಟ, ಬಾಡಿಗೆ, ವಿಮೆ ಎಲ್ಲಕ್ಕೂ ದುಡ್ಡು ಎಲ್ಲಿಂದ ಅಂತ ತೋರಿಸಬೇಕು. ಸ್ಕಾಲರ್‌ಶಿಪ್ ಅಂದ ಕೂಡಲೇ ಹಿಗ್ಗಬೇಡಿ, ಎಷ್ಟೋ ಕಡೆ ಅದು ಬರೀ ಫೀಸಿಗೆ. ಉಳಿದದ್ದಕ್ಕೆ ನಿಮ್ಮ ಸಭೆಯವರು ಪತ್ರ ಕೊಟ್ಟರೆ ಅವರ ಬ್ಯಾಂಕ್ ಸ್ಟೇಟ್‌ಮೆಂಟೂ ಜೊತೆಗಿರಲಿ. ಐ-20 ಬಂದ ಮೇಲೆ 350 ಡಾಲರ್ ಸೆವಿಸ್ ಫೀ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಯ ಶುಲ್ಕ), ಆಮೇಲೆ ವೀಸಾ ಇಂಟರ್‌ವ್ಯೂ. ಹೆಂಡತಿ ಎಫ್-2ರಲ್ಲಿ (ವಿದ್ಯಾರ್ಥಿಯ ಹೆಂಡತಿ ಮಕ್ಕಳ ವೀಸಾ) ಬಂದರೆ ಕೆಲಸ ಮಾಡುವಂತಿಲ್ಲ, ಆ ಸಂಬಳ ಲೆಕ್ಕಕ್ಕೆ ಹಿಡಿಯಬೇಡಿ.