ಗುಂಡು ಹಾರಿಸಿದವನೊಬ್ಬನೇ ಹೊಣೆಯೇ?

ಪ್ರಶ್ನೆ: ಯಾವುದೋ ದೇಶದ ಸೈನಿಕರು ಜನರನ್ನು ಕೊಂದರೆ ಬಲಾಢ್ಯ ರಾಷ್ಟ್ರಗಳ ವಿದೇಶಾಂಗ ನೀತಿಯನ್ನು ದೂರುತ್ತಾರೆ. ದೂರದ ರಾಜಧಾನಿಯಲ್ಲಿ ಕುಳಿತವರನ್ನು ಹೊಣೆ ಮಾಡುವುದು ಎಷ್ಟು ಸರಿ?
– ಓದುಗರೊಬ್ಬರು, ಸಾಗರ

ಉತ್ತರ: ಗುಂಡು ಹಾರಿಸಿದವನ ಹೊಣೆ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಆದರೆ ಅದು ಅವನಲ್ಲಿಗೇ ಮುಗಿಯುವುದೂ ಇಲ್ಲ ಎಂಬುದಕ್ಕೆ ಇಂಡೋನೇಷ್ಯಾದ ನೆರೆಯ ಪುಟ್ಟ ನಾಡು ಪೂರ್ವ ತಿಮೋರಿನ ಇತಿಹಾಸವೇ ಸಾಕ್ಷಿ.

1975ರ ಡಿಸೆಂಬರ್ 6ರಂದು ಅಮೆರಿಕದ ಅಧ್ಯಕ್ಷ ಫೋರ್ಡ್ ಮತ್ತು ವಿದೇಶಾಂಗ ಕಾರ್ಯದರ್ಶಿ ಕಿಸಿಂಜರ್ ಜಕಾರ್ತದಲ್ಲಿ ಇಂಡೋನೇಷ್ಯಾದ ಅಧ್ಯಕ್ಷ ಸುಹಾರ್ತೊ ಅವರನ್ನು ಭೇಟಿಯಾದರು. ಪೋರ್ಚುಗೀಸರ ಆಳ್ವಿಕೆಯಿಂದ ಹೊರಬರುತ್ತಿದ್ದ ಆ ಪುಟ್ಟ ನಾಡಿನ ಮೇಲೆ ಕ್ರಮ ಕೈಗೊಳ್ಳಬೇಕಾದೀತು ಎಂದು ಸುಹಾರ್ತೊ ತಿಳಿಸಿದಾಗ, ತಾವು ಒತ್ತಡ ಹೇರುವುದಿಲ್ಲವೆಂದು ಫೋರ್ಡ್ ಹೇಳಿದರು. ಏನೇ ಮಾಡಿದರೂ ಬೇಗ ಮುಗಿಯಬೇಕು, ತಾವು ಸ್ವದೇಶಕ್ಕೆ ಮರಳಿದ ಮೇಲೆ ಮಾಡಿದರೆ ಒಳಿತು ಎಂಬರ್ಥದ ಮಾತನ್ನು ಕಿಸಿಂಜರ್ ಆಡಿದರು. ಮರುದಿನವೇ ಇಂಡೋನೇಷ್ಯಾದ ಪಡೆಗಳು ಪೂರ್ವ ತಿಮೋರಿನ ರಾಜಧಾನಿ ದಿಲಿಗೆ ನುಗ್ಗಿದವು. ಅವರ ಆಯುಧಗಳಲ್ಲಿ ಬಹುಪಾಲು ಅಮೆರಿಕ ಕೊಟ್ಟವು. ಮುಂದಿನ 24 ವರ್ಷಗಳಲ್ಲಿ ಕನಿಷ್ಠ 1,02,800 ಜನ ಸತ್ತರೆಂದು ತಿಮೋರಿನ ಸತ್ಯಶೋಧನಾ ಆಯೋಗ ಲೆಕ್ಕ ಹಾಕಿದೆ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಹಸಿವು ಮತ್ತು ಕಾಯಿಲೆ.

ಪೂರ್ವ ತಿಮೋರ್ ಇಂಡೋನೇಷ್ಯಾಕ್ಕೆ ಸೇರಿದ್ದನ್ನು ಆಸ್ಟ್ರೇಲಿಯಾ ಕಾನೂನುಬದ್ಧವೆಂದು ಒಪ್ಪಿಕೊಂಡಿತು. 1989ರಲ್ಲಿ ಎರಡೂ ದೇಶಗಳ ವಿದೇಶಾಂಗ ಸಚಿವರು ತಿಮೋರ್ ಸಮುದ್ರದ ಮೇಲೆ ಹಾರುತ್ತಿದ್ದ ವಿಮಾನದಲ್ಲಿ ಕುಳಿತು, ಕೆಳಗಿನ ತೈಲವನ್ನು ಹಂಚಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿ, ಲೋಟಗಳನ್ನೆತ್ತಿ ಸಂಭ್ರಮಿಸಿದರು. ಆಕ್ರಮಣವನ್ನು ಖಂಡಿಸಿದ 1975ರ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯಕ್ಕೆ ನಮ್ಮ ಭಾರತವೂ ವಿರುದ್ಧವಾಗಿ ಮತ ಹಾಕಿತ್ತೆಂಬುದನ್ನು ಇಲ್ಲಿ ಮುಚ್ಚಿಡಲಾರೆ.

1991ರ ನವೆಂಬರ್ 12ರಂದು ದಿಲಿಯ ಸಾಂತಾ ಕ್ರೂಜ್ ಸ್ಮಶಾನದಲ್ಲಿ, ಸತ್ತ ಯುವಕನೊಬ್ಬನಿಗೆ ಗೌರವ ಸಲ್ಲಿಸಲು ನೆರೆದಿದ್ದವರ ಮೇಲೆ ಸೈನಿಕರು ಗುಂಡಿನ ಮಳೆಗರೆದರು. 200ಕ್ಕೂ ಹೆಚ್ಚು ಜನ ಸತ್ತರು. ಚಿತ್ರೀಕರಿಸುತ್ತಿದ್ದ ಬ್ರಿಟಿಷ್ ಪತ್ರಕರ್ತ ಮ್ಯಾಕ್ಸ್ ಸ್ಟಾಲ್ ಸೆರೆಯಾಗುವ ಮೊದಲು ಟೇಪನ್ನು ಹೊಸ ಗೋರಿಯೊಂದರ ಮಣ್ಣಿನಲ್ಲಿ ಹೂತಿಟ್ಟು, ಆಮೇಲೆ ಕತ್ತಲಲ್ಲಿ ಬಂದು ತೆಗೆದುಕೊಂಡರು. ಆ ದೃಶ್ಯಗಳನ್ನು ಕಂಡ ಜನರ ಒತ್ತಾಯದಿಂದಲೇ ಅಮೆರಿಕದ ಸಂಸತ್ತು ಇಂಡೋನೇಷ್ಯಾದ ಸೈನಿಕ ತರಬೇತಿಗೆ ಕೊಡುತ್ತಿದ್ದ ಹಣವನ್ನು ತಡೆಹಿಡಿಯಿತು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುವುದು 1999ರಲ್ಲಿ. ತಿಮೋರಿನ ಭವಿಷ್ಯದ ಬಗ್ಗೆ ನಡೆದ ಜನಮತಗಣನೆಯಲ್ಲಿ ಶೇ 78.5ರಷ್ಟು ಮತದಾರರು ಸ್ವಾತಂತ್ರ್ಯವನ್ನು ಆರಿಸಿಕೊಂಡದ್ದಕ್ಕೆ ಇಂಡೋನೇಷ್ಯಾದ ಸೇನೆ ಮತ್ತು ಅದು ಸಾಕಿದ್ದ ಗುಂಪುಗಳು ಊರೂರನ್ನೇ ಸುಟ್ಟವು. ಸೆಪ್ಟೆಂಬರ್ 9ರಂದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಇಂಡೋನೇಷ್ಯಾದೊಂದಿಗಿನ ಸೇನಾ ಸಂಬಂಧವನ್ನು ಕಡಿದುಕೊಂಡರು; ಸಾಲ ನೀಡುವ ಅಂತರರಾಷ್ಟ್ರೀಯ ಸಂಸ್ಥೆಗಳೂ ಬಿಗಿ ಹಿಡಿದವು. 12ರಂದು ಇಂಡೋನೇಷ್ಯಾದ ಅಧ್ಯಕ್ಷ ಹಬೀಬಿ ಶಾಂತಿಪಾಲನಾ ಪಡೆಗೆ ಒಪ್ಪಿಗೆ ಸೂಚಿಸಿದರು. ಮೂರೇ ದಿನ ಸಾಕಾಗಿತ್ತು. 20ರಂದು ಆ ಪಡೆ ಬಂದಿಳಿಯುವ ಹೊತ್ತಿಗೆ ದಿಲಿಯ ಬಹುಭಾಗ ಸುಟ್ಟು ಕರಕಲಾಗಿತ್ತು.