ಗೊಂಬೆ ಹಗುರ, ಜೋಕು ಭಾರ

ಆತ್ಮೀಯರೆ,

ಕೊಪ್ಪಳ ಹತ್ತಿರದ ಕಿನ್ನಾಳದ ಮರದ ಗರುಡನ ಗೊಂಬೆ ಕಳುವಾಗುವ ನಿಮ್ಮ ನಗೆ-ಪತ್ತೇದಾರಿ ವಿಷುಯಲ್ ನಾವೆಲ್‌ನ, ಅಂದರೆ ಚಿತ್ರ-ಸಂಭಾಷಣೆಯಲ್ಲೇ ಕಥೆ ಸಾಗುವ ವಿಡಿಯೋ ಗೇಮಿನ, ಸ್ಕ್ರಿಪ್ಟ್ ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ತಗೊಳ್ಳಲು ಆಗುವುದಿಲ್ಲ. ಎರಡು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು, ಮೂರನೇ ದೃಶ್ಯ ಬಿಡಲಿಲ್ಲ.

ಕೊಪ್ಪಳದ ವಗ್ಗರಣಿ-ಮಿರ್ಚಿ ಅಂಗಡಿಯ ಆ ಅಕ್ಕ! ಸಾಕ್ಷಿ ಹೇಳವ್ವಾ ಅಂದರೆ ಎಣ್ಣೆ ರೇಟು, ಸೊಸೆ, ಉದ್ರಿ ಉಳಿಸಿಕೊಂಡ ಮಾಸ್ತರು ಎಲ್ಲ ಮುಗಿಸಿ, ನಡುವೆ "ಕರೆಂಟ್ ಹೋಗಿತ್ರಿ, ಮೊಬೈಲ್ ಬೆಳಕಿನ್ಯಾಗ ಮಿರ್ಚಿ ಕರದೀನಿ" ಅನ್ನುತ್ತಾಳೆ. ಪಕ್ಕದ ಮನೆಯ ಮ್ಯಾನೇಜರ್ ಅದೇ ಹೊತ್ತಿಗೆ ಟಿವಿ ನೋಡ್ತಿದ್ದೆ ಅಂತ ಹಿಂದಿನ ದೃಶ್ಯದಲ್ಲೇ ಹೇಳಿದ್ದಾನೆ. ನಗುತ್ತಿರುವಾಗಲೇ ಸುಳಿವು ಕೈಗೆ ಬಿತ್ತು. ಆದರೆ ಮುಂದಿನ ಸಾಲಲ್ಲೇ ನಿಮ್ಮ ಪತ್ತೇದಾರ ಶೂರಪ್ಪ ಎಲ್ಲವನ್ನೂ ತಾನೇ ಬಿಡಿಸಿ ಹೇಳಿಬಿಟ್ಟ. ಆಡುವವನಿಗೆ ಉಳಿದದ್ದು ಬಟನ್ ಒತ್ತುವ ಕೆಲಸ.

2001ರಲ್ಲಿ ಕ್ಯಾಪ್‌ಕಾಮ್ ಕಂಪನಿ ಜಪಾನಿನಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ತಂದ ವಕೀಲನ ಆಟ ಏಸ್ ಅಟಾರ್ನಿ ನೋಡಿ. ಸಾಕ್ಷಿಯ ಹೇಳಿಕೆ ಒಂದೊಂದೇ ಸಾಲಾಗಿ ಬರುತ್ತದೆ. ಯಾವ ಸಾಲು ಸುಳ್ಳು, ಯಾವ ಪುರಾವೆ ಅದನ್ನು ಮುರಿಯುತ್ತದೆ ಅಂತ ಆಡುವವನೇ ಆರಿಸಬೇಕು, ತಪ್ಪಿದರೆ ದಂಡ. ನಾಯಕನ ಮನೆತನದ ಹೆಸರು ನಾರುಹೊಡೊ. ಜಪಾನಿಯಲ್ಲಿ ಅದು "ಓಹೋ, ಹಂಗೇನು!" ಅನ್ನುವ ಉದ್ಗಾರ. ಇಂಗ್ಲಿಷಿಗೆ ತಂದವರು ಅದನ್ನು ಹಾಗೇ ಎತ್ತಿಡದೆ ಫೀನಿಕ್ಸ್ ರೈಟ್ ಅಂತ, "ಸರಿ" ಅನ್ನುವ ಇಂಗ್ಲಿಷ್ ಮಾತಿನ ದನಿ ಇಟ್ಟು, ತಮ್ಮದೇ ಚೇಷ್ಟೆ ಕಟ್ಟಿಕೊಂಡರು. ನೀವೋ, ಆ ಆಟದ "ಅಬ್ಜೆಕ್ಷನ್!" ಕೂಗನ್ನು ಹಾಗೇ ಎತ್ತಿ ಶೂರಪ್ಪನ ಬಾಯಲ್ಲಿ "ನಾನು ಆಕ್ಷೇಪಿಸುತ್ತೇನೆ!" ಅನ್ನಿಸಿದ್ದೀರಿ, ಅದೂ ಹನ್ನೊಂದು ಸಲ. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನ ಸುಳ್ಳು ಹಿಡಿದವರು ಏನಂತಾರೆ? "ಏ, ನಿಂದ್ರಪಾ ಅಲ್ಲೇ!" ಅಂತಾರೆ. ಅದನ್ನೇ ದೊಡ್ಡ ಅಕ್ಷರದಲ್ಲಿ ಸ್ಕ್ರೀನ್ ತುಂಬ ಬರೆಯಿರಿ.

ಇನ್ನೊಂದು ಮಾತು, ಸ್ವಲ್ಪ ಸಿಟ್ಟಿನಿಂದಲೇ. ಶೂರಪ್ಪ, ಪಿಎಸ್‌ಐ ಇಬ್ಬರೂ ಪುಸ್ತಕದ ಕನ್ನಡ ಮಾತಾಡುತ್ತಾರೆ. ನಮ್ಮ ಕಡೆಯ ಮಾತು ಬರುವುದು ಕಳ್ಳನಿಗೆ, ಕುಡುಕನಿಗೆ, ಹೋಟೆಲ್ ಮಾಣಿಗೆ. ಸಿನಿಮಾದವರು ನಮ್ಮ ಭಾಷೆಯನ್ನು ಹೀಗೆ ನಗೆಪಾಟಲು ಮಾಡಿದ್ದು ಸಾಲದೆ? ಬಳ್ಳಾರಿಯಲ್ಲಿ ಕೂತು ಓದುವಾಗ ನನಗೇ ಚುಚ್ಚಿತು. ಶೂರಪ್ಪನೂ "ಹೌದ್ರಿ, ಕುಂದರ್ರಿ" ಅನ್ನಲಿ.

ನಾಲ್ಕನೇ ದೃಶ್ಯಕ್ಕೆ ಬರೋಣ. ಮೊಳದುದ್ದದ ಗೊಂಬೆ ಎತ್ತಲಾಗದೆ ಇಬ್ಬರು ಕಳ್ಳರು ಏದುಸಿರು ಬಿಡುತ್ತಾರೆ, ಕೈಜಾರಿ ಬಿದ್ದು ನೆಲದ ಪರಸಿಕಲ್ಲು ಸೀಳುತ್ತದೆ. ತಮ್ಮಾ, ಕಿನ್ನಾಳದ ಚಿತ್ರಗಾರರು ಗೊಂಬೆ ಕೆತ್ತುವುದು ಪೊಳಕಿ ಮರದಲ್ಲಿ. ಆ ಮರ ಬಲು ಹಗುರ. ಮೇಲೆ ಹುಣಸೆಬೀಜದ ಅಂಟು, ಬಣ್ಣ, ಅಷ್ಟೇ. ಅಷ್ಟು ಚಿಕ್ಕ ಗೊಂಬೆಯನ್ನು ಮಗು ಕಂಕುಳಲ್ಲಿ ಇಟ್ಟುಕೊಂಡು ಓಡಬಹುದು. ಗೊತ್ತಿಲ್ಲದೆ ಬರೆದಿದ್ದರೆ ತಪ್ಪು. ಆದರೆ ಈ ತಪ್ಪು ನಿಮ್ಮ ಇಡೀ ಕಥೆಗಿಂತ ಚೆನ್ನಾಗಿದೆ. ಕಲ್ಲು ಸೀಳುವಷ್ಟು ಭಾರ ಇದೆ ಅಂದರೆ ಅದು ಕಿನ್ನಾಳದ್ದೇ ಅಲ್ಲ, ಯಾರೋ ಮೊದಲೇ ಬದಲಾಯಿಸಿದ್ದಾರೆ! ಕಳ್ಳರು ಕದ್ದದ್ದು ನಕಲಿ. ಒಡೆದ ಪರಸಿಕಲ್ಲನ್ನು ಪುರಾವೆಗಳ ಪಟ್ಟಿಗೆ ಸೇರಿಸಿ ಸುಮ್ಮನಿರಿ. ಶೂರಪ್ಪ ಅದಕ್ಕೆ ಎಡವಿ ಬಿದ್ದು ಗುತ್ತಿಗೆದಾರನನ್ನು ಬೈಯಲಿ. ಆಡುವವನು ನಕ್ಕು ಮುಂದೆ ಹೋಗುತ್ತಾನೆ, ಆರನೇ ದೃಶ್ಯದಲ್ಲಿ ಚಿತ್ರಗಾರ ಅಜ್ಜ ಅಸಲಿ ಗೊಂಬೆಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಾಗ ತಾನೇ ಹಣೆ ಚಚ್ಚಿಕೊಳ್ಳುತ್ತಾನೆ. ಬರೆಯುವ ಮೊದಲು ಒಮ್ಮೆ ಕಿನ್ನಾಳಕ್ಕೆ ಹೋಗಿ ಗೊಂಬೆ ಕೈಯಲ್ಲಿ ಹಿಡಿದು ನೋಡಿ, ನಿಮಗೇನು ದೂರವಲ್ಲ.

ಸಂಭಾಷಣೆಯ ಪೆಟ್ಟಿಗೆಗೆ ಮೂರು ಸಾಲು ಸಾಕು, ಒತ್ತಕ್ಷರ ಚೆದುರದೆ ಕೂರುತ್ತವೆಯೇ ಅಂತ ಮೊಬೈಲಿನಲ್ಲಿ ಪರೀಕ್ಷಿಸಿ. ವಾಟ್ಸಾಪ್ ಜೋಕುಗಳನ್ನೆಲ್ಲ ತೆಗೆಯಿರಿ.

ಇಡೀ ಸ್ಕ್ರಿಪ್ಟ್ ಬೇಡ, ನಾಲ್ಕು ಮತ್ತು ಆರನೇ ದೃಶ್ಯ ಮಾತ್ರ ತಿದ್ದಿ ಕಳಿಸಿ. ಮಿರ್ಚಿ ಅಕ್ಕನ ಮಾತಿಗೆ ಮಾತ್ರ ಕೈ ಹಚ್ಚಬೇಡಿ.

ಇಂತಿ,
ಸಂಪಾದಕ