ರೈಟ್ ಕ್ಲಿಕ್ ಮಾಡಿದರೆ ಎಕ್ಸ್‌ಪ್ಲೋರರ್ ಬೀಳುತ್ತಿದೆ, ಫಾರ್ಮ್ಯಾಟ್ ಮಾಡಿಸಬೇಕೆ?

ಪ್ರಶ್ನೆ: ನಮ್ಮ ಡಿಟಿಪಿ ಅಂಗಡಿಯ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ ಸರ್. ಯಾವ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೂ ಫೋಲ್ಡರ್ ಮುಚ್ಚಿಹೋಗುತ್ತದೆ. ಟಾಸ್ಕ್‌ಬಾರ್ ಕೂಡ ಮಾಯವಾಗಿ ಮತ್ತೆ ಬರುತ್ತದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಲೇಬೇಕು ಅಂತಾರೆ. ಬೇರೆ ದಾರಿ ಇಲ್ಲವೆ?
— ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ಫಾರ್ಮ್ಯಾಟ್ ಬೇಡ. ರೈಟ್ ಕ್ಲಿಕ್‌ಗೆ ಮಾತ್ರ ಬೀಳುತ್ತಿದ್ದರೆ ತಪ್ಪು ಬಹುತೇಕ ವಿಂಡೋಸ್‌ನದಲ್ಲ. ಜಿಪ್ ಸಾಫ್ಟ್‌ವೇರ್, ಪಿಡಿಎಫ್ ಕನ್ವರ್ಟರ್, ಆಂಟಿವೈರಸ್, ಗ್ರಾಫಿಕ್ಸ್ ಡ್ರೈವರ್ ಇವೆಲ್ಲ ಇನ್‌ಸ್ಟಾಲ್ ಆಗುವಾಗ ರೈಟ್ ಕ್ಲಿಕ್ ಮೆನುವಿಗೆ ತಮ್ಮದೊಂದು ಸಾಲು ಸೇರಿಸಿಬಿಡುತ್ತವೆ. ಆ ಸಾಲಿನ ಹಿಂದೆ ಇರುವುದು ಶೆಲ್ ಎಕ್ಸ್‌ಟೆನ್ಶನ್ ಎಂಬ ಡಿಎಲ್‌ಎಲ್ ಫೈಲ್. ಅದು ಫೋಲ್ಡರ್‌ಗಳನ್ನು ತೋರಿಸುವ ವಿಂಡೋಸ್ ಪ್ರೋಗ್ರಾಮ್ ಆದ ಎಕ್ಸ್‌ಪ್ಲೋರರ್‌ನ ಒಳಗೇ ಓಡುವುದರಿಂದ, ಅದು ಎಡವಿದರೆ ಎಕ್ಸ್‌ಪ್ಲೋರರೇ ಬೀಳುತ್ತದೆ. ಟಾಸ್ಕ್‌ಬಾರ್ ನಡೆಸುವುದೂ ಅದೇ ಪ್ರೋಗ್ರಾಮ್ ಆದ್ದರಿಂದ ಅದೂ ಮಾಯ.

ಮೊದಲು ಹೆಸರು ಪತ್ತೆ ಮಾಡಿ. ಸ್ಟಾರ್ಟ್‌ನಲ್ಲಿ ‘ಇವೆಂಟ್ ವ್ಯೂವರ್’ ಹುಡುಕಿ ತೆರೆದು, ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಅಪ್ಲಿಕೇಶನ್’ಗೆ ಹೋಗಿ. ಎಕ್ಸ್‌ಪ್ಲೋರರ್ ಬಿದ್ದ ಹೊತ್ತಿಗೆ ಸರಿಯಾಗಿ ಕೆಂಪು ಗುರುತಿನ, ಇವೆಂಟ್ ಐಡಿ 1000 ಇರುವ ಎಂಟ್ರಿ ಸಿಗುತ್ತದೆ. ಅದರಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್ ಪಾತ್’ ಎಂಬ ಸಾಲು ಮುಖ್ಯ. ಅಲ್ಲಿ ಬೇರೆ ಕಂಪನಿಯ ಫೋಲ್ಡರ್ ಕಂಡರೆ ಆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಆಗದಿದ್ದರೆ ತೆಗೆದುಹಾಕಿ. ‘ಎನ್‌ಟಿಡಿಎಲ್‌ಎಲ್’ ಎಂದಿದ್ದರೆ ಅದು ವಿಂಡೋಸ್‌ನದೇ ಫೈಲ್. ಬಿದ್ದ ಜಾಗ ಅದು, ಬೀಳಿಸಿದವರು ಬೇರೆ ಇರಬಹುದು. ಆ ಹೆಸರಿನ ಫೈಲನ್ನು ನೆಟ್‌ನಿಂದ ಇಳಿಸಿ ಹಾಕುವ ಸಾಹಸ ಮಾತ್ರ ಬೇಡವೇ ಬೇಡ.

ಹೆಸರು ಸಿಗದಿದ್ದರೆ ನಿರ್‌ಸಾಫ್ಟ್‌ನ ‘ಶೆಲ್‌ಎಕ್ಸ್‌ವ್ಯೂ’ ಬಳಸಿ. ಶೆಲ್ ಎಕ್ಸ್‌ಟೆನ್ಶನ್‌ಗಳ ಪಟ್ಟಿ ತೋರಿಸುವ ಪ್ರೋಗ್ರಾಮ್ ಅದು, ಉಚಿತ. 64 ಬಿಟ್ ವಿಂಡೋಸ್‌ಗೆ 64 ಬಿಟ್ ಆವೃತ್ತಿಯೇ ಬೇಕು. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಮೈಕ್ರೋಸಾಫ್ಟ್‌ನವಲ್ಲದ ಸಾಲುಗಳು ಗುಲಾಬಿ ಬಣ್ಣದಲ್ಲಿರುತ್ತವೆ, ಉಳಿದವನ್ನು ಮುಟ್ಟಬೇಡಿ. ‘ಟೈಪ್’ ಕಾಲಂನಲ್ಲಿ ‘ಕಾಂಟೆಕ್ಸ್ಟ್ ಮೆನು’ ಎಂದಿರುವ ಗುಲಾಬಿ ಸಾಲುಗಳನ್ನೆಲ್ಲ ಆರಿಸಿ ಎಫ್7 ಒತ್ತಿದರೆ ಅವು ನಿಷ್ಕ್ರಿಯವಾಗುತ್ತವೆ. ನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ‘ವಿಂಡೋಸ್ ಎಕ್ಸ್‌ಪ್ಲೋರರ್’ ರೀಸ್ಟಾರ್ಟ್ ಮಾಡಿ. ರೈಟ್ ಕ್ಲಿಕ್ ಸರಿಯಾಯಿತೆ? ಹಾಗಿದ್ದರೆ ಅರ್ಧದಷ್ಟನ್ನು ಎಫ್8 ಒತ್ತಿ ಮತ್ತೆ ಚಾಲೂ ಮಾಡಿ, ಪುನಃ ರೀಸ್ಟಾರ್ಟ್ ಮಾಡಿ ನೋಡಿ. ಬಿದ್ದರೆ ಕಳ್ಳ ಈ ಅರ್ಧದಲ್ಲಿ, ಬೀಳದಿದ್ದರೆ ಆ ಅರ್ಧದಲ್ಲಿ. 16 ಇದ್ದರೂ ನಾಲ್ಕೇ ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ.

ಎಲ್ಲ ನಿಷ್ಕ್ರಿಯವಾದರೂ ಬೀಳುತ್ತಿದ್ದರೆ ಆಗ ವಿಂಡೋಸ್ ಫೈಲ್‌ಗಳನ್ನು ಅನುಮಾನಿಸಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ವಿಂಡೋಸ್‌ನದೇ ಎರಡು ರಿಪೇರಿ ಕಮಾಂಡ್‌ಗಳನ್ನು ಓಡಿಸಿ: ಮೊದಲು ‘ಡಿಸ್ಮ್’ನ ‘ರಿಸ್ಟೋರ್ ಹೆಲ್ತ್’ (DISM /Online /Cleanup-Image /RestoreHealth), ಆಮೇಲೆ ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ (sfc /scannow). ಎಸ್‌ಎಫ್‌ಸಿ ಒಳ್ಳೆಯ ಪ್ರತಿಗಳನ್ನು ತರುವ ಉಗ್ರಾಣವನ್ನೇ ಡಿಸ್ಮ್ ರಿಪೇರಿ ಮಾಡುವುದರಿಂದ ಈ ಕ್ರಮ. ಡಿಸ್ಮ್‌ಗೆ ಇಂಟರ್‌ನೆಟ್ ಬೇಕು.

ಅಲ್ಲಿಯವರೆಗೆ ಕೆಲಸ ನಿಲ್ಲಬಾರದೆಂದರೆ ಫೋಲ್ಡರ್ ಆಪ್ಷನ್ಸ್‌ನ (ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇದರ ಹೆಸರು ‘ಫೈಲ್ ಎಕ್ಸ್‌ಪ್ಲೋರರ್ ಆಪ್ಷನ್ಸ್’) ‘ವ್ಯೂ’ ಟ್ಯಾಬ್‌ನಲ್ಲಿ ‘ಲಾಂಚ್ ಫೋಲ್ಡರ್ ವಿಂಡೋಸ್ ಇನ್ ಎ ಸೆಪರೇಟ್ ಪ್ರೊಸೆಸ್’ಗೆ ಟಿಕ್ ಹಾಕಿ. ಫೋಲ್ಡರ್ ಬಿದ್ದರೂ ಟಾಸ್ಕ್‌ಬಾರ್ ಉಳಿಯುತ್ತದೆ. ಡೆಸ್ಕ್‌ಟಾಪ್ ಮೇಲೆಯೇ ರೈಟ್ ಕ್ಲಿಕ್ ಮಾಡಿದರೆ ಇದು ಕಾಪಾಡುವುದಿಲ್ಲ.

ಪ್ರಶ್ನೆ: ಮದುವೆ ವಿಡಿಯೊಗಳಿರುವ ಒಂದೇ ಫೋಲ್ಡರ್ ತೆರೆದಾಗ ಮಾತ್ರ ಎಕ್ಸ್‌ಪ್ಲೋರರ್ ಬೀಳುತ್ತದೆ. ಯಾಕೆ?
— ಓದುಗರು, ಪುತ್ತೂರು

ಉತ್ತರ: ಥಂಬ್‌ನೇಲ್, ಅಂದರೆ ವಿಡಿಯೊದ ಪುಟ್ಟ ಚಿತ್ರ, ತಯಾರಿಸುವಾಗ ಬೀಳುತ್ತಿರಬೇಕು. ಕಂಟ್ರೋಲ್ ಪ್ಯಾನೆಲ್‌ನಿಂದ ‘ಫೈಲ್ ಎಕ್ಸ್‌ಪ್ಲೋರರ್ ಆಪ್ಷನ್ಸ್’ ತೆರೆದು, ‘ವ್ಯೂ’ ಟ್ಯಾಬ್‌ನಲ್ಲಿ ‘ಆಲ್ವೇಸ್ ಶೋ ಐಕಾನ್ಸ್, ನೆವರ್ ಥಂಬ್‌ನೇಲ್ಸ್’ ಟಿಕ್ ಮಾಡಿ. ಫೋಲ್ಡರ್ ತೆರೆದುಕೊಂಡರೆ ಅರ್ಧಂಬರ್ಧ ಕಾಪಿಯಾದ ವಿಡಿಯೊ ಇದೆಯೇ ನೋಡಿ, ಹಳೆಯ ಕೊಡೆಕ್ ಪ್ಯಾಕ್ (ವಿಡಿಯೊಗಳನ್ನು ಓದಲು ಹಾಕಿಕೊಳ್ಳುವ ಸಾಫ್ಟ್‌ವೇರ್ ಕಟ್ಟು) ಇದ್ದರೆ ತೆಗೆಯಿರಿ, ಡಿಸ್ಕ್ ಕ್ಲೀನಪ್‌ನಲ್ಲಿ ‘ಥಂಬ್‌ನೇಲ್ಸ್’ ಅಳಿಸಿ ಟಿಕ್ ವಾಪಸ್ ತೆಗೆಯಿರಿ.

ಬೀಳದೆ, ಅಡ್ರೆಸ್ ಬಾರ್‌ನ ಹಸಿರು ಪಟ್ಟಿ ತೆವಳುತ್ತ ನಿಂತುಬಿಡುತ್ತಿದ್ದರೆ ಕಥೆ ಬೇರೆ. ಇವೆಂಟ್ ವ್ಯೂವರ್‌ನ ‘ಸಿಸ್ಟಮ್’ ಲಾಗ್‌ನಲ್ಲಿ ‘ಡಿಸ್ಕ್’ ಹೆಸರಿನ 7 ಅಥವಾ 153ನೇ ಇವೆಂಟ್ ಪದೇ ಪದೇ ಕಂಡರೆ ಹಾರ್ಡ್ ಡಿಸ್ಕ್ ಅಥವಾ ಅದರ ಕೇಬಲ್ ಕೈಕೊಡುತ್ತಿದೆ. ಆಗ ವಿಡಿಯೊಗಳನ್ನು ಮೊದಲು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಡಿಸ್ಕ್‌ನ ದೋಷ ಹುಡುಕುವ ವಿಂಡೋಸ್‌ನ ‘ಚೆಕ್ ಡಿಸ್ಕ್’ ಓಡಿಸುವುದು ಆಮೇಲೆ.